ಹಾಯಿಯ ಪಾಠದಲ್ಲಿ ಮರೆತುಹೋದ ಕಂಬ

ಹಾಯಿದೋಣಿಯ ಚಲನೆಯನ್ನು ವಿವರಿಸುವಾಗ ಜನಪ್ರಿಯ ವಿಜ್ಞಾನ ಬರಹಗಳು ಹಳೆಯದೊಂದು ಕಥೆ ಹೇಳುತ್ತವೆ: ಹಾಯಿಯ ಉಬ್ಬಿದ ಮೈಯ ಮೇಲೆ ಗಾಳಿಗೆ ದಾರಿ ಉದ್ದ, ತಗ್ಗಿದ ಮೈಯ ಗಾಳಿಯನ್ನು ಅದೇ ಹೊತ್ತಿಗೆ ಸೇರಬೇಕಾದ್ದರಿಂದ ಅದರ ವೇಗ ಹೆಚ್ಚಿ, ಒತ್ತಡ ಇಳಿಯುತ್ತದೆ. ಇದು ತಪ್ಪು. ಹಾಯಿ ತೆಳುವಾದ ಬಟ್ಟೆ. ಎರಡೂ ಮೈಗಳ ಉದ್ದ ಹೆಚ್ಚುಕಡಿಮೆ ಒಂದೇ. ಈ ವಾದದಂತೆ ದೋಣಿ ಕದಲಲೇಬಾರದು! ಬೇರ್ಪಟ್ಟ ಗಾಳಿ ಒಟ್ಟಿಗೇ ಸೇರಬೇಕೆಂಬ ನಿಯಮವೂ ಇಲ್ಲ. ಬರ್ನೌಲಿ ತತ್ತ್ವದಲ್ಲಿ ದೋಷವಿಲ್ಲ. ಅದಕ್ಕೆ ಅಂಟಿಸಿದ ಕಾರಣದಲ್ಲಿದೆ. ಹಾಯಿಯು ಗಾಳಿಯ ಹರಿವನ್ನು ಬಾಗಿಸುತ್ತದೆ. ಪ್ರತಿಯಾಗಿ ಗಾಳಿ ಹಾಯಿಯನ್ನು ತಳ್ಳುತ್ತದೆ. ಹರಿವು ಬಾಗಿದೆಡೆ ಒತ್ತಡದ ವ್ಯತ್ಯಾಸ ಇದ್ದೇ ಇರುತ್ತದೆ.

ಇಂಥ ಬರಹಗಳ ಇನ್ನೊಂದು ಕೊರತೆ, ಹಾಯಿಯನ್ನು ಹೊತ್ತ ಕಂಬವನ್ನೇ ಮರೆಯುವುದು. 1976ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿದ್ದ ಟೊರ್ನೇಡೊ, 2016ರಲ್ಲಿ ಸೇರಿದ ನಾಕ್ರಾ 17 ಜೋಡಿ ಒಡಲಿನ ಪಂದ್ಯದ ದೋಣಿಗಳು, ಅಂದರೆ ಕ್ಯಾಟಮರಾನ್‌ಗಳು. ಈ ಹೆಸರು ತಮಿಳಿನ 'ಕಟ್ಟುಮರಂ'ನಿಂದ ಬಂದದ್ದು. ಇವುಗಳ ಕಂಬ ತನ್ನ ಅಕ್ಷದ ಸುತ್ತ ತಿರುಗಬಲ್ಲದು. ಕಂಬದ ಕೋನ ತಪ್ಪಿದರೆ ಅದರ ಹಿಂದೆ ಹರಿವು ಮೈಬಿಟ್ಟು ಸುಳಿಗಳಾಗುತ್ತದೆ. ಸರಿಯಾಗಿ ತಿರುಗಿಸಿದಾಗ ಕಂಬ ಮತ್ತು ಹಾಯಿಯ ಉಬ್ಬಿದ ಮೈ ಒಂದೇ ನಯವಾದ ಬಾಗಾಗಿ, ಹರಿವು ಅಂಟಿಕೊಂಡು ಸಾಗುತ್ತದೆ. 'ಉದ್ದ ದಾರಿ'ಯ ಕಥೆ ಇದನ್ನು ವಿವರಿಸಲಾರದು.

ಕಂಬವನ್ನು ಹಿಡಿದಿರುವ ತಂತಿಗಳ ವಿಷಯದಲ್ಲಿ 'ಬಿಗಿದಷ್ಟೂ ಒಳ್ಳೆಯದು' ಎನ್ನುವುದೂ ಅರ್ಧಸತ್ಯ. ಅತಿಯಾಗಿ ಬಿಗಿದರೆ ಕಂಬದ ಬುಡದಲ್ಲಿ ಒತ್ತು, ಘರ್ಷಣೆ ಹೆಚ್ಚಿ, ಮೆಲುಗಾಳಿಯಲ್ಲಿ ಕಂಬ ತಿರುಗದು. ಸಡಿಲಬಿಟ್ಟರೆ ಮುಂದಿನ ತಂತಿ ಜೋತು, ಅದರ ಹಾಯಿ ಬೇಡದಷ್ಟು ಉಬ್ಬುತ್ತದೆ.

ಕಡಲಿಲ್ಲದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ವಿದ್ಯಾರ್ಥಿಗಳಿಗೆ ಇದೇಕೆ ಎನ್ನಬಹುದು. ಹಗ್ಗ, ಮರ ಎರಡೂ ಇಲ್ಲಿವೆಯಲ್ಲ! 10 ಮೀಟರ್ ಅಂತರದ ಎರಡು ತೆಂಗಿನ ಮರಗಳಿಗೆ ನಾರಿನ ಹಗ್ಗ ಬಿಗಿದು, ನಡುವೆ 5 ಕಿಲೋಗ್ರಾಂ ತೂಗುಹಾಕಿ. ನಡುಭಾಗ 25 ಸೆಂಟಿಮೀಟರ್ ಜೋತರೆ, ಹಗ್ಗದ ತೂಕ ಬಿಟ್ಟು ಲೆಕ್ಕಹಾಕಿದಾಗ, ಎಳೆತ ಸುಮಾರು 490 ನ್ಯೂಟನ್. ತೂಗಿದ ಭಾರದ ಹತ್ತು ಪಟ್ಟು. ದೋಣಿಯ ತಂತಿಗಳ ಬಿಗಿತವನ್ನೂ ಹೀಗೆಯೇ, ಪಕ್ಕಕ್ಕೆ ಬಾಗಿಸಿ ಅಳೆಯುವ ಮಾಪಕಗಳಿವೆ.

ಬಲಗಳ ಚಿತ್ರ ಬರೆದು ಈ ಉತ್ತರ ಪಡೆದ ವಿದ್ಯಾರ್ಥಿ, ಗಾಳಿ ಒಟ್ಟಿಗೇ ಏಕೆ ಸೇರಬೇಕೆಂದೂ ಕೇಳುತ್ತಾನೆ. ಕೇಳಿದವನನ್ನು ಕೂರಿಸಿ, ಕಥೆಯನ್ನು ಒಪ್ಪಿಸಿದವನಿಗೆ ಅಂಕ ಕೊಟ್ಟರೆ ಅದು ಭೌತವಿಜ್ಞಾನದ ಬೋಧನೆಯಲ್ಲ.