ಅಮ್ಮನಿಗೊಂದು ಒಳ್ಳೆಯ ನೆನಪು

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಸಿನಿಮಾಗಳಿಗೆ ಒಂದು ಮಾಮೂಲು ಜಾಡಿದೆ. ಚದುರಿಹೋದ ಮನೆಮಂದಿ ಒಂದೇ ಮೇಜಿನ ಸುತ್ತ ಕೂರುತ್ತಾರೆ, ಮಾತಿಗೆ ಮಾತು ಬೆಳೆಯುತ್ತದೆ, ಹಳೆಯ ಗುಟ್ಟೊಂದು ಹೊರಬೀಳುತ್ತದೆ, ಕೊನೆಗೆ ಯಾರಾದರೂ ಅಳುತ್ತಾರೆ. ಊಟ ಅಲ್ಲಿ ಬರೀ ನೆಪ. ಪೀಟರ್ ಹೆಡ್ಜಸ್ ಬರೆದು ನಿರ್ದೇಶಿಸಿದ ‘ಪೀಸಸ್ ಆಫ್ ಏಪ್ರಿಲ್’ (2003) ನನಗೆ ಹಿಡಿಸಿದ್ದು ಅದು ಮೇಜನ್ನು ಬಿಟ್ಟು ಒಲೆಯ ಹತ್ತಿರ ನಿಲ್ಲುವುದರಿಂದ. ಸುಮಾರು 80 ನಿಮಿಷದ ಈ ಚಿತ್ರದಲ್ಲಿ ಎಲ್ಲರೂ ಊಟಕ್ಕೆ ಸೇರುವ ಹೊತ್ತಿಗೆ ಸಿನಿಮಾ ಮುಗಿಯುತ್ತಾ ಬಂದಿರುತ್ತದೆ.

ಕತೆ ಚಿಕ್ಕದು. ಏಪ್ರಿಲ್ (ಕೇಟಿ ಹೋಮ್ಸ್) ಮನೆಯವರಿಗೆ ಬೇಡವಾದ ಹಿರಿಮಗಳು. ನ್ಯೂಯಾರ್ಕ್‌ನ ಲೋಯರ್ ಈಸ್ಟ್ ಸೈಡ್‌ನ ಹಳೇ ವಠಾರವೊಂದರಲ್ಲಿ ಗೆಳೆಯ ಬಾಬಿಯ ಜೊತೆ ಇದ್ದಾಳೆ. ತಾಯಿ ಜಾಯ್‌ಗೆ ಸ್ತನದ ಕ್ಯಾನ್ಸರ್. ಹೆಚ್ಚು ದಿನ ಉಳಿದಿಲ್ಲ. ಮಗಳು ಹಬ್ಬದೂಟಕ್ಕೆ ಕರೆದಿದ್ದಾಳೆ. ಅಪ್ಪ, ಅಮ್ಮ, ತಂಗಿ, ತಮ್ಮ, ಮರೆವಿನ ಅಜ್ಜಿ ಎಲ್ಲರೂ ಕಾರಿನಲ್ಲಿ ಹೊರಟಿದ್ದಾರೆ. ಅಡುಗೆಯ ಗಂಧಗಾಳಿಯಿಲ್ಲದ ಹುಡುಗಿ ಬೆಳಗ್ಗೆ ಎದ್ದು ಟರ್ಕಿ ಕೋಳಿಯನ್ನು ಬೇಯಿಸಲು ಹೊರಟರೆ ಓವನ್ ಕೆಟ್ಟಿದೆ.

ಇದರ ಗಂಭೀರತೆ ನಮಗೆ ಕೂಡಲೇ ತಟ್ಟುವುದಿಲ್ಲ. ನಮ್ಮ ಹಬ್ಬದಡುಗೆ ಹತ್ತು ಪಾತ್ರೆಗಳಲ್ಲಿ ಹಂಚಿಹೋಗಿರುತ್ತದೆ. ಹೋಳಿಗೆ ಕೈಕೊಟ್ಟರೆ ಪಾಯಸವಿದೆ, ಒಂದು ಒಲೆ ಆರಿದರೆ ಇನ್ನೊಂದಿದೆ. ಥ್ಯಾಂಕ್ಸ್‌ಗಿವಿಂಗ್‌ನಲ್ಲಿ ಮಾನವೆಲ್ಲ ನಿಂತಿರುವುದು ಒಂದೇ ಒಂದು ಹಕ್ಕಿಯ ಮೇಲೆ. ಆರು ಕಿಲೊ ತೂಗುವ ಇಡೀ ಟರ್ಕಿ ಒಳಗಿನವರೆಗೂ ಬೇಯಲು ಓವನ್‌ನಲ್ಲಿ 3 ಗಂಟೆಯಾದರೂ ಬೇಕು. ಮಾಂಸದ ನಡುಭಾಗದ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅದನ್ನು ಕತ್ತರಿಸಿ ಬಾಣಲೆಗೆ ಹಾಕಿದರೆ ಊಟವಾದೀತು, ಹಬ್ಬವಾಗುವುದಿಲ್ಲ. ಹಾಗಾಗಿ ಏಪ್ರಿಲ್‌ಗೆ ಉಳಿದಿರುವುದು ಒಂದೇ ದಾರಿ: ಹಸಿ ಹಕ್ಕಿಯನ್ನು ಎತ್ತಿಕೊಂಡು ವಠಾರದ ಮೆಟ್ಟಿಲು ಹತ್ತಿ, ಹೆಸರೂ ಗೊತ್ತಿಲ್ಲದವರ ಬಾಗಿಲು ತಟ್ಟುವುದು.

ನೆರೆಮನೆಯಿಂದ ಹೆಪ್ಪು, ಕಾಫಿಪುಡಿ ಕಡ ತಂದು ಬೆಳೆದವರಿಗೆ ಈ ದೃಶ್ಯಗಳ ನಾಚಿಕೆ, ಧೈರ್ಯ ಎರಡೂ ಗೊತ್ತು. ಕೆಲವು ಬಾಗಿಲು ತೆರೆಯುವುದೇ ಇಲ್ಲ. ಹೊಸ ಓವನ್ ಕೊಂಡ ಒಬ್ಬ ವಿಚಿತ್ರ ಗೃಹಸ್ಥ ಮೊದಲು ಒಳಗೆ ಕರೆದು, ಆಮೇಲೆ ಮುನಿಸಿಕೊಂಡು, ಟರ್ಕಿಯನ್ನೇ ಒತ್ತೆಯಿಟ್ಟುಕೊಳ್ಳುತ್ತಾನೆ! ಎವೆಟ್ ಮತ್ತು ಯೂಜೀನ್ ಎಂಬ ಕಪ್ಪು ದಂಪತಿ ಬಿಳಿ ಹುಡುಗಿಯ ಕಷ್ಟಕ್ಕೆ ಮೊದಲು ವ್ಯಂಗ್ಯವಾಡಿ, ತಾಯಿಯ ಸಂಗತಿ ತಿಳಿದ ಮೇಲೆ ಕರಗುತ್ತಾರೆ. ಮನೆಯಲ್ಲಿ ತನ್ನ ಸ್ಥಾನ ಏನೆಂದು ಏಪ್ರಿಲ್ ಹೇಳಿಕೊಳ್ಳುವುದು ಅವರ ಎದುರೇ: ತಾನು ಕಾವಲಿಯ ಮೇಲೆ ಹುಯ್ದ ಮೊದಲ ಪ್ಯಾನ್‌ಕೇಕ್, ಎತ್ತಿ ಎಸೆಯುವುದಕ್ಕೆಂದೇ ಇರುವಂಥದ್ದು. ಮೊದಲ ದೋಸೆಯ ಗತಿ ನೋಡಿದ ಕನ್ನಡದ ಪ್ರೇಕ್ಷಕರಿಗೆ ಈ ಮಾತಿನ ಚುರುಕು ವಿವರಿಸಬೇಕಿಲ್ಲ.

ಇತ್ತ ಕಾರಿನಲ್ಲಿ ಇನ್ನೊಂದು ಚಿತ್ರವೇ ನಡೆಯುತ್ತಿದೆ. ಜಾಯ್ ಪಾತ್ರಕ್ಕಾಗಿ ಪೆಟ್ರೀಷಿಯಾ ಕ್ಲಾರ್ಕ್‌ಸನ್ ಆಸ್ಕರ್‌ಗೆ ನಾಮನಿರ್ದೇಶನಗೊಂಡಿದ್ದರು. ಆ ಅಭಿನಯದ ಹೆಚ್ಚುಗಾರಿಕೆ ಅದರ ಕಟುತನದಲ್ಲಿದೆ. ಸಾಯುತ್ತಿರುವ ತಾಯಿ ಎಂದರೆ ಮೆತ್ತಗಿನ, ಕ್ಷಮಿಸುವ ಜೀವ ಎಂಬ ನಮ್ಮ ನಿರೀಕ್ಷೆಯನ್ನು ಅವಳು ಹತ್ತಿರಕ್ಕೂ ಸೇರಿಸುವುದಿಲ್ಲ. ಮಗಳ ಅಡುಗೆಯನ್ನು ನಂಬದೆ ದಾರಿಯಲ್ಲೇ ಡೋನಟ್ ತಿನ್ನುತ್ತಾಳೆ. ಏಪ್ರಿಲ್ ಬಗ್ಗೆ ಒಂದಾದರೂ ಒಳ್ಳೆಯ ನೆನಪನ್ನು ಹುಡುಕುತ್ತಾಳೆ, ಸಿಕ್ಕಿತು ಎಂದು ಹೇಳುತ್ತಾಳೆ. ಅದು ಅಕ್ಕನಲ್ಲ, ನಾನು ಎಂದು ಕಿರಿಮಗಳು ತಿದ್ದುತ್ತಾಳೆ.

ಚಿತ್ರದ ಕೀಲು ಇಲ್ಲಿದೆ ಎಂದು ನನ್ನ ಓದು. ಈ ಅಡುಗೆ ಹೊಟ್ಟೆಗಾಗಿ ಮಾಡಿದ್ದಲ್ಲ. ಕ್ಷಮೆಗಾಗಿಯೂ ಅಲ್ಲ, ಕ್ಷಮೆ ಕೇಳುವಷ್ಟು, ಕೊಡುವಷ್ಟು ಕಾಲ ಇಬ್ಬರಿಗೂ ಇಲ್ಲ. ಅಮ್ಮನ ಬಳಿ ತನ್ನದೆಂಬ ಒಂದು ಒಳ್ಳೆಯ ನೆನಪೂ ಇಲ್ಲ ಎನ್ನುವುದು ಮಗಳಿಗೆ ಗೊತ್ತು. ಅಮ್ಮ ಹೋಗುವುದರೊಳಗೆ ಅಂಥದ್ದೊಂದನ್ನು ಬೇಯಿಸಿ ಬಡಿಸಬೇಕು. ಕಡಿಮೆ ಖರ್ಚಿನಲ್ಲಿ ಡಿಜಿಟಲ್ ವಿಡಿಯೊದಲ್ಲಿ ತೆಗೆದ ಚಿತ್ರದ ಒರಟು ಬಿಂಬಗಳೂ ಯಾರದೋ ಮನೆಯ ಹಬ್ಬದ ಕ್ಯಾಸೆಟ್ ನೋಡಿದಂತೆ ಕಾಣುತ್ತವೆ. ತಮ್ಮ ಟಿಮ್ಮಿ ಕ್ಯಾಮೆರಾ ಹಿಡಿದು ಅಮ್ಮನ ಫೋಟೊ ತೆಗೆಯುತ್ತಾ ಇರುತ್ತಾನಲ್ಲ, ಅವನೂ ಬೇರೆ ರೀತಿಯಲ್ಲಿ ಅದೇ ಕೆಲಸ ಮಾಡುತ್ತಿದ್ದಾನೆ.

ಇದಕ್ಕೆ ಹೊಂದಿಕೊಂಡೇ ಚಿತ್ರದ ಅತ್ಯಂತ ಮುಖ್ಯ ದೃಶ್ಯ ಬರುತ್ತದೆ. ಕೊನೆಗೆ ಓವನ್ ಕೊಡುವುದು ಒಂದು ಚೀನೀ ಕುಟುಂಬ. ಈ ಹಬ್ಬ ಏನು ಎಂದು ಏಪ್ರಿಲ್ ಅವರಿಗೆ ವಿವರಿಸಬೇಕು. ಹಡಗಿನಲ್ಲಿ ಬಂದವರು, ಮೊದಲ ವರ್ಷದ ಕಷ್ಟ ಎಂದು ಶಾಲೆಯ ಪಾಠದಂತೆ ಶುರುಮಾಡುತ್ತಾಳೆ. ತಡವರಿಸಿ, ನೆಲ ಕಸಿದದ್ದು, ಕೊಂದದ್ದು, ಭಾಷೆಗಳು ಅಳಿದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಾಳೆ. ಆಮೇಲೆ ಅದೆಲ್ಲ ಬಿಡಿ ಎಂದು ಮೂರನೇ ಸಲ ಆರಂಭಿಸಿ, ಒಬ್ಬರಿಲ್ಲದೆ ಇನ್ನೊಬ್ಬರಿಗೆ ನಡೆಯದು ಎಂದು ಎಲ್ಲರಿಗೂ ತಿಳಿದಿದ್ದ ಒಂದೇ ಒಂದು ದಿನವಿತ್ತು ಎನ್ನುತ್ತಾಳೆ.

ಕೇಳಲು ಚೆನ್ನಾಗಿದೆ. ಆ ದಿನವೂ ಪೂರ್ತಿ ಕಟ್ಟುಕತೆಯಲ್ಲ: 1621ರಲ್ಲಿ ಪ್ಲಿಮತ್‌ನ ಇಂಗ್ಲಿಷ್ ವಲಸಿಗರ ಸುಗ್ಗಿಯ ಔತಣಕ್ಕೆ ವಾಂಪನೋಗ್ ಜನರ ಸುಮಾರು 90 ಗಂಡಸರು ಸೇರಿ, ಅದು ಮೂರು ದಿನ ನಡೆದದ್ದಕ್ಕೆ ಆ ಕಾಲದ ಪತ್ರವೇ ಸಾಕ್ಷಿ. ಆದರೆ ಅದನ್ನು ಆರಿಸಿ ಉಳಿದದ್ದನ್ನು ಬಿಟ್ಟವರು ಯಾರು? ಲಿಂಕನ್ 1863ರಲ್ಲಿ, ಅಂತರ್ಯುದ್ಧದ ನಡುವೆ, ಇಡೀ ದೇಶಕ್ಕೆ ಕೃತಜ್ಞತೆಯ ದಿನವೊಂದನ್ನು ಸಾರಿದ. 1970ರಿಂದ ಮೂಲನಿವಾಸಿಗಳು ಅದೇ ಗುರುವಾರ ಅದೇ ಪ್ಲಿಮತ್‌ನಲ್ಲಿ ಸೇರಿ ಶೋಕದ ದಿನ ಆಚರಿಸುತ್ತಾ ಬಂದಿದ್ದಾರೆ. ಕೆಟ್ಟ ವರ್ಷಗಳ ನಡುವಿನಿಂದ ಒಂದು ಒಳ್ಳೆಯ ದಿನವನ್ನು ಹೆಕ್ಕಿ ಇಟ್ಟುಕೊಳ್ಳುವ ಹಕ್ಕು ಏಪ್ರಿಲ್‌ಗೂ ಅವಳ ಅಮ್ಮನಿಗೂ ಇದೆ, ನೋವು ಅವರದೇ ಆದ್ದರಿಂದ. ಊರೇ ಕಳೆದುಕೊಂಡವರ ಪರವಾಗಿ ‘ಅದೆಲ್ಲ ಬಿಡಿ’ ಎನ್ನುವ ಹಕ್ಕು ಅವಳಿಗೆ ಎಲ್ಲಿಂದ ಬಂತು? ಚಿತ್ರ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಕೆಟ್ಟದ್ದನ್ನು ಅವಳ ಬಾಯಿಂದ ಹೇಳಿಸಿದ್ದರಲ್ಲಿ ಪ್ರಾಮಾಣಿಕತೆ ಇದೆ, ಒಪ್ಪುತ್ತೇನೆ. ಆದರೆ ಹೇಳಿಸಿದಷ್ಟೇ ಬೇಗ ಒರೆಸಿಬಿಡುವುದೂ ಇದೆ.

ನೆರೆಯವರ ಚಿತ್ರಣದಲ್ಲೂ ಇದೇ ಅವಸರ. ಎವೆಟ್ ದಂಪತಿಗೂ ಚೀನೀ ಕುಟುಂಬಕ್ಕೂ ಏಪ್ರಿಲ್‌ಗೆ ನೆರವಾಗುವುದರ ಆಚೆ ಸ್ವಂತ ಕತೆಯೆಂಬುದು ಬಹಳವಿಲ್ಲ. ಹೊಸಬರಿಗೆ ಉಣಿಸಿದ ಹಳಬರ ಪಾತ್ರ ಅವರ ಪಾಲಿಗೆ ಬಂದಿದೆ. ಬಾಬಿಯದಂತೂ ಇನ್ನೂ ಬೇಸರದ ಸಂಗತಿ. ಈ ಕಪ್ಪು ಹುಡುಗ ಹೊರಗೆ ಏನೋ ಕೆಟ್ಟ ಕೆಲಸಕ್ಕೆ ಹೋಗಿದ್ದಾನೆ ಎಂದು ನಾವು ಅನುಮಾನಿಸುವಂತೆ ಮಾಡಿ, ಆಮೇಲೆ ಅವನು ನೆಂಟರಿಗಾಗಿ ಒಂದು ಸೂಟು ಹುಡುಕುತ್ತಿದ್ದ ಎಂದು ತೋರಿಸುತ್ತಾರೆ. ಪ್ರೇಕ್ಷಕರ ಪೂರ್ವಗ್ರಹವನ್ನು ಬಯಲಿಗೆಳೆಯುವ ತಂತ್ರ ಇದಾಗಿದ್ದರೂ, ಅದಕ್ಕಾಗಿ ಅವನನ್ನು ಬಳಸಿಕೊಂಡಂತಾಗಿದೆ.

ಇಷ್ಟಾದರೂ ಕೊನೆಯ ನಿಮಿಷಗಳಿಗೆ ನಾನು ಸೋಲುತ್ತೇನೆ. ಬಾಗಿಲವರೆಗೂ ಬಂದ ಕುಟುಂಬ ಗಾಯಗೊಂಡ ಬಾಬಿಯನ್ನು ನೋಡಿ ಹೆದರಿ ಹಿಂತಿರುಗುತ್ತದೆ. ಹೋಟೆಲೊಂದರ ಶೌಚಾಲಯದಲ್ಲಿ ಯಾರೋ ತಾಯಿ ತನ್ನ ಪುಟ್ಟ ಮಗಳನ್ನು ಗದರುವುದನ್ನು ಕಂಡ ಜಾಯ್, ಅಪರಿಚಿತ ಬೈಕ್ ಸವಾರರ ಹಿಂದೆ ಕುಳಿತು ಮಗನೊಂದಿಗೆ ಏಪ್ರಿಲ್ ಮನೆಗೆ ಬರುತ್ತಾಳೆ. ಏಕೆ ಎಂದು ಅವಳು ಯಾರಿಗೂ ಹೇಳುವುದಿಲ್ಲ. ತಾಯಿ ಮಗಳು ಏನು ಮಾತಾಡಿಕೊಂಡರು ಎಂಬುದೂ ನಮಗೆ ಕೇಳಿಸದು. ಚಲಿಸುವ ಚಿತ್ರ ಅಲ್ಲಿಗೆ ನಿಂತು, ಊಟದ ಮೇಜು ಬರೀ ಸ್ಥಿರಚಿತ್ರಗಳಾಗಿ ಒಂದರ ಹಿಂದೆ ಒಂದು ಬರುತ್ತದೆ: ಅಪ್ಪಿಕೊಂಡ ತಾಯಿ ಮಗಳು, ಬಾಬಿ, ನೆರೆಮನೆಯವರು. ಟರ್ಕಿ ಸರಿಯಾಗಿ ಬೆಂದಿತ್ತೇ ಎಂದು ಯಾರೂ ಕೇಳುವುದಿಲ್ಲ.