ಹಳೇ ಜೈಲು ಮತ್ತು ಜಾತಿ ಕಾಲಂ

2022ರ ಡಿಸೆಂಬರಿನಲ್ಲಿ ಒಳಮೀಸಲಾತಿ ಧರಣಿಗೆ ಅಂತ ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಹೊರಟವರ ಜೊತೆ ನಾನೂ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿದ್ದೆ. ಬಿಡುವು ಸಿಕ್ಕಾಗ ನಮ್ಮ ಕೇರಿಯ ಮಾವನೊಬ್ಬನಿಗೆ ಅಲ್ಲಿನ ಕಾವಲು ಗೋಪುರ, ಉಳಿಸಿಕೊಂಡಿರುವ ಬ್ಯಾರಕ್ಕು ತೋರಿಸಿದೆ. ಇದು ಹಳೇ ಸೆಂಟ್ರಲ್ ಜೈಲು, 2000ದಲ್ಲಿ ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯ್ತು, 2008ರಲ್ಲಿ ಪಾರ್ಕಾಯ್ತು, ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇಲ್ಲೇ ಇದ್ದರು ಅಂತೆಲ್ಲ ಹೇಳಿದೆ. ಮಾವ ಕೇಳಿದ್ದು ಒಂದೇ: "ಅವರಿದ್ದಾಗ ಇಲ್ಲಿ ಕಕ್ಕಸ್ಸು ಯಾರು ಬಳೀತಿದ್ರಪ್ಪಾ?"

ದಲಿತ ವಿಮರ್ಶೆ ಅಂದರೆ ನನಗೆ ಈ ಪ್ರಶ್ನೆಯೇ. ಕಾದಂಬರಿ ಓದುವಾಗ ನಡುಮನೆಯಲ್ಲಿ ತತ್ವ ಮಾತಾಡುವ ನಾಯಕನನ್ನು ಬಿಟ್ಟು ಹಿತ್ತಲಲ್ಲಿ ನಿಂತವನನ್ನು ಹುಡುಕುತ್ತೇವಲ್ಲ, ಜೈಲನ್ನೂ ಹಾಗೇ ಓದಬೇಕು. ಹಳೇ ಜೈಲನ್ನು ಮ್ಯೂಸಿಯಂ ಮಾಡಿ ಉಳಿಸುವುದಕ್ಕೆ ನನ್ನ ತಕರಾರಿಲ್ಲ. ಕೆಡವಿ ಅಂಗಡಿ ಸಾಲು ಕಟ್ಟೋದಕ್ಕಿಂತ ಎಷ್ಟೋ ಮೇಲು. ಇದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡ ಸ್ನೇಹಲತಾ ರೆಡ್ಡಿಯವರನ್ನು ನೆನೆಯದ ಮ್ಯೂಸಿಯಂ ನನಗೂ ಬೇಡ. ಆದರೆ ನಮ್ಮವರು ಒಳಗೆ ಹೋದದ್ದು ತತ್ವಕ್ಕಲ್ಲ. ದೇವನೂರರ 'ಒಡಲಾಳ'ದಲ್ಲಿ ಸಾಕವ್ವನ ಮನೆಗೆ ಪೊಲೀಸರು ಬರೋದು ಕಡಲೆಕಾಯಿ ಹುಡುಕಿಕೊಂಡು. ಎಣ್ಣೆ ಮಿಲ್ಲುಗಳ ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕಿತ್ತು ಕೂಲಿ ಎಣಿಸಿದ ನಮಗೆ ಅದು ಬರೀ ಕತೆ ಅನ್ನಿಸೋದೇ ಇಲ್ಲ. ಅಂಥವರ ಫೋಟೋ ಯಾವ ಗೋಡೆಗೆ ಹಾಕ್ತಾರೆ?

ಒಳಗೆ ಹೋದ ಮೇಲೂ ಕೇರಿ ಬೆನ್ನು ಬಿಡಲಿಲ್ಲ. ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಮೊಕದ್ದಮೆಯಲ್ಲಿ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನು ನಮ್ಮ ಹುಡುಗರು ಓದಬೇಕು. ಹಲವು ರಾಜ್ಯಗಳ ಜೈಲು ಕೈಪಿಡಿಗಳು ಅಡಿಗೆಯನ್ನು ಮೇಲುಜಾತಿಗೆ, ಗುಡಿಸೋದು ಬಳಿಯೋದನ್ನು ಕೆಳಜಾತಿಗೆ ಹಂಚಿಕೊಟ್ಟಿದ್ದವು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1952ರಲ್ಲಿ ರದ್ದಾದರೂ ಕೊರಚರಂಥ ಅಲೆಮಾರಿಗಳ ಹಣೆಗೆ ಅದು ಬಡಿದ ಮುದ್ರೆ ಅಳಿಯಲಿಲ್ಲ. ಈ ಜಾತಿ ಹಂಚಿಕೆ ಸಂವಿಧಾನಕ್ಕೆ ವಿರುದ್ಧ ಎಂದ ಕೋರ್ಟು, ಕೈದಿಗಳ ರಿಜಿಸ್ಟರಿನಿಂದ ಜಾತಿ ಕಾಲಂ ತೆಗೆಯಿರಿ ಎಂದಿತು.

ತೆಗೆಯಲಿ, ಇವತ್ತಿನ ರಿಜಿಸ್ಟರಿನಿಂದ ಇವತ್ತೇ ತೆಗೆಯಲಿ. ಹಳೇ ರಿಜಿಸ್ಟರನ್ನು ಮಾತ್ರ ಮುಟ್ಟಬಾರದು. ಅದನ್ನು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಬಿಚ್ಚಿಡಬೇಕು. ಕೈದಿಯ ಹೆಸರು ಮುಚ್ಚಿರಲಿ, ಅವನ ಮೊಮ್ಮಕ್ಕಳು ಎಲ್ಲೋ ಬದುಕುತ್ತಿರಬಹುದು. ಜಾತಿ, ಆರೋಪ, ಒಳಗೆ ಕೊಟ್ಟ ಕೆಲಸ, ಇಷ್ಟು ಕಂಡರೆ ಸಾಕು. ಗೆಳೆಯರೊಬ್ಬರು ಇದು ನಮಗೇ ಅವಮಾನ ಅಲ್ಲವಾ ಅಂದರು. ಕಾಲಂ ಗೀಚಿದ ಕೈಗೆ ಆಗಬೇಕಾದ ಅವಮಾನವನ್ನು ನಾವ್ಯಾಕೆ ಹೊರಬೇಕು? ಮುಚ್ಚಿಟ್ಟರೆ, ಜೈಲಿನಲ್ಲಿ ಜಾತಿಯೇ ಇರಲಿಲ್ಲ ಅಂತ ನಾಳೆ ಅವರೇ ಬರೀತಾರೆ.

ಬೆಂಗಳೂರಿನಲ್ಲಿ ಧರಣಿ ಮಾಡೋರಿಗೆ 2021ರ ಆದೇಶ ತೋರಿಸಿದ ಜಾಗವೂ ಈ ಹಳೇ ಜೈಲೇ. ಹೇಗೂ ಮತ್ತೆ ಅಲ್ಲಿಗೇ ಹೋಗ್ತೀವಿ. ಮನವಿ ಪತ್ರದಲ್ಲಿ ರಿಜಿಸ್ಟರುಗಳನ್ನು ಹೊರಗೆ ತನ್ನಿ ಅನ್ನೋ ಸಾಲೊಂದನ್ನು ಸೇರಿಸೋಣ.