ಬಾಗಿದ ಮಂಡಿಯ ನೃತ್ಯ

1955ರ ಹಾಲಿವುಡ್ ಚಿತ್ರ ‘ಕಿಸ್ಮೆಟ್’ನಲ್ಲಿ ಅಬಾಬು ಎಂಬ ಕಲ್ಪಿತ ನಾಡಿನ ಮೂವರು ರಾಜಕುಮಾರಿಯರು ಕುಣಿಯುತ್ತಾರೆ. ಕಥೆ ನಡೆಯುವುದು ಬಾಗ್ದಾದ್‌ನಲ್ಲಿ, ಸಂಗೀತದ ಮೂಲ ರಷ್ಯದ ಬೊರೊಡಿನ್. ನೀವು ಮಾತ್ರ ಆ ಮೂವರ ಕತ್ತನ್ನು ಗಮನಿಸಿ. ಭುಜ ಅಲುಗುವುದಿಲ್ಲ, ಗಲ್ಲ ಏಳುವುದಿಲ್ಲ, ತಲೆಯಷ್ಟೇ ಎಡಕ್ಕೂ ಬಲಕ್ಕೂ ಸರಿಯುತ್ತದೆ. ಭರತನಾಟ್ಯದ ಜೂನಿಯರ್ ಪರೀಕ್ಷೆಗೆಂದು ಗ್ರೀವಾಭೇದ ಬಾಯಿಪಾಠ ಮಾಡಿದ ನಮ್ಮ ಯಾವ ಹುಡುಗಿಯೂ ಅದನ್ನು ‘ಸುಂದರೀ’ ಎಂದು ಗುರುತಿಸಿಬಿಡುತ್ತಾಳೆ. ಆ ಸುಂದರಿಯನ್ನು ಅಲ್ಲಿಗೆ ಒಯ್ದವರು ಜಾಕ್ ಕೋಲ್. ಅಮೆರಿಕದ ರಂಗಭೂಮಿಯ ಜಾಝ್ ನೃತ್ಯಕ್ಕೆ ಪಿತಾಮಹ ಎಂದು ಅವರನ್ನು ಕರೆಯುವುದುಂಟು.

ಜಾಝ್ ನೃತ್ಯವನ್ನು ಹೇಗೆ ನೋಡಬೇಕೆಂದು ಕೇಳುವವರಿಗೆ ನಾನು ಮೊದಲು ಹೇಳುವುದು ಮಂಡಿಯ ವಿಷಯ. ಬ್ಯಾಲೆಯ ದೇಹ ಮೇಲಕ್ಕೆ ಹೋಗಲು ಹವಣಿಸುತ್ತದೆ. ಜಾಝ್‌ನ ದೇಹ ನೆಲವನ್ನು ಬಯಸುತ್ತದೆ. ಭರತನಾಟ್ಯ ನೋಡಿ ಬೆಳೆದವರಿಗೆ ಈ ಮಾತು ಬೇಗ ಹಿಡಿಸುತ್ತದೆ, ಅರೆಮಂಡಿಯಲ್ಲಿ ಕೂರದ ದೇಹ ನಮ್ಮ ಕಣ್ಣಿಗೆ ಹೇಗೂ ಖಾಲಿಯಾಗಿಯೇ ಕಾಣುತ್ತದೆ. ಆದರೆ ಇವೆರಡರ ನಡುವಿನ ವ್ಯತ್ಯಾಸವೂ ಅಷ್ಟೇ ಮುಖ್ಯ. ಅರೆಮಂಡಿಯಲ್ಲಿ ಮಂಡಿಗಳು ಪಕ್ಕಕ್ಕೆ ತೆರೆಯುತ್ತವೆ, ಬೆನ್ನು ನೆಟ್ಟಗಿರುತ್ತದೆ. ಜಾಝ್‌ನ ಮೂಲ ಕುಣಿತದಲ್ಲಿ ಮಂಡಿಗಳು ಮುಂದಕ್ಕೇ ಬಾಗುತ್ತವೆ, ಮುಂಡ ತುಸು ಮುಂದೆ ವಾಲುತ್ತದೆ, ಪಾದ ಪೂರ್ತಿಯಾಗಿ ನೆಲಕ್ಕೆ ಒರಗುತ್ತದೆ. ಆ ಬಾಗು ಬಂದದ್ದು ಪಶ್ಚಿಮ ಆಫ್ರಿಕದಿಂದ, ಗುಲಾಮರ ಹಡಗುಗಳಲ್ಲಿ.

ಹಾಗಾಗಿ ಈ ಚರಿತ್ರೆ ಯಾವ ನೃತ್ಯಶಾಲೆಯಲ್ಲೂ ಶುರುವಾಗುವುದಿಲ್ಲ. 1739ರಲ್ಲಿ ದಕ್ಷಿಣ ಕ್ಯಾರೊಲಿನದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆಯೆದ್ದರು. ಅವರು ನಡೆದದ್ದು ಡೋಲಿನ ಸದ್ದಿನೊಂದಿಗೆ. ಮರುವರ್ಷವೇ ಬಂದ ಕಾನೂನು ಡೋಲನ್ನು ನಿಷೇಧಿಸಿತು. ಡೋಲು ಹೋದಮೇಲೆ ಲಯಕ್ಕೆ ಉಳಿದದ್ದು ಮೈಯೊಂದೇ: ತೊಡೆ, ಎದೆ, ಅಂಗೈ, ಹಿಮ್ಮಡಿ. ‘ಪ್ಯಾಟಿಂಗ್ ಜೂಬಾ’ ಎಂಬ ಆ ತಟ್ಟುವಿಕೆ ಮುಂದೆ ಟ್ಯಾಪ್ ನೃತ್ಯಕ್ಕೂ ಜೀವ ಕೊಟ್ಟಿತು. ನ್ಯೂ ಆರ್ಲಿಯನ್ಸ್‌ನಲ್ಲಿ ಮಾತ್ರ ಡೋಲು ಉಳಿಯಿತು. ಅಲ್ಲಿ 1817ರಲ್ಲಿ ಗುಲಾಮರ ಭಾನುವಾರದ ಕೂಟಗಳನ್ನು ಒಂದೇ ಜಾಗಕ್ಕೆ ಸೀಮಿತಗೊಳಿಸಿದರು. ಆ ಜಾಗವೇ ಕಾಂಗೊ ಚೌಕ. ಈಗಿನ ಜಾಝ್ ಕ್ಲಾಸಿನಲ್ಲಿ ‘ಐಸೊಲೇಷನ್’ ಎಂದು ಹೆಸರಿಟ್ಟು ಕಲಿಸುವ, ಸೊಂಟ ಒಂದು ಲಯದಲ್ಲಿ, ಭುಜ ಇನ್ನೊಂದು ಲಯದಲ್ಲಿ ನಡೆಯುವ ವಿದ್ಯೆಯ ಬೇರು ಇಂಥ ಕೂಟಗಳಲ್ಲಿತ್ತು.

ಅಲ್ಲಿಂದ ಕೇಕ್‌ವಾಕ್, 1923ರ ‘ರನ್ನಿನ್ ವೈಲ್ಡ್’ ರಂಗಪ್ರದರ್ಶನದಿಂದ ಹಬ್ಬಿದ ಚಾರ್ಲ್ಸ್‌ಟನ್, 1925ರಲ್ಲಿ ಪ್ಯಾರಿಸ್ಸಿಗೆ ಹೋಗಿ ಇಡೀ ಯುರೋಪನ್ನು ಎಬ್ಬಿಸಿದ ನರ್ತಕಿ ಜೋಸೆಫಿನ್ ಬೇಕರ್. ಇವುಗಳನ್ನೆಲ್ಲ ಬೇಗ ದಾಟಿ ಹಾರ್ಲೆಮ್‌ಗೆ ಬರುತ್ತೇನೆ, ಏಕೆಂದರೆ ನನ್ನ ಮನಸ್ಸು ಇರುವುದು ಅಲ್ಲಿ.

ನ್ಯೂಯಾರ್ಕಿನ ಲೆನಾಕ್ಸ್ ಅವೆನ್ಯೂ, 140 ಮತ್ತು 141ನೇ ಬೀದಿಗಳ ನಡುವೆ, ಸವಾಯ್ ಬಾಲ್‌ರೂಮ್. 1926ರ ಮಾರ್ಚ್‌ನಲ್ಲಿ ತೆರೆಯಿತು. ಒಂದು ಬೀದಿಯಿಂದ ಇನ್ನೊಂದು ಬೀದಿವರೆಗೆ ಚಾಚಿದ ಕಟ್ಟಡ, ಮೇಪಲ್ ಮರದ ನೆಲ, ಎರಡು ವಾದ್ಯವೇದಿಕೆಗಳು. ಒಂದು ಬ್ಯಾಂಡ್ ನಿಲ್ಲಿಸಿದರೆ ಇನ್ನೊಂದು ಎತ್ತಿಕೊಳ್ಳುತ್ತಿತ್ತು. ಕರಿಯರು ಬಿಳಿಯರು ಒಂದೇ ನೆಲದಲ್ಲಿ ಕುಣಿಯಬಹುದಾಗಿತ್ತು. ಅದೇ ಹಾರ್ಲೆಮ್‌ನ ಕಾಟನ್ ಕ್ಲಬ್ಬಿನಲ್ಲಿ ಕಲಾವಿದರು ಕರಿಯರು, ಕೂತು ನೋಡುವವರು ಬಿಳಿಯರು ಎಂಬ ಕಟ್ಟಳೆ ಇದ್ದ ಕಾಲ ಅದು. 1937ರ ಮೇ 11ರಂದು ಇಲ್ಲಿ ಚಿಕ್ ವೆಬ್ ಮತ್ತು ಬೆನ್ನಿ ಗುಡ್‌ಮನ್ ತಂಡಗಳ ನಡುವೆ ಜಿದ್ದಾಜಿದ್ದಿ ನಡೆಯಿತು. ಬೆನ್ನುಮೂಳೆಯ ಕಾಯಿಲೆಯಿಂದ ಗಿಡ್ಡನಾಗಿಯೇ ಉಳಿದಿದ್ದ ಡ್ರಮ್ಮರ್ ವೆಬ್, ‘ಸ್ವಿಂಗ್‌ನ ರಾಜ’ ಎಂದು ದೇಶವೆಲ್ಲ ಹೊಗಳುತ್ತಿದ್ದ ಗುಡ್‌ಮನ್‌ರನ್ನು ಮಣಿಸಿಬಿಟ್ಟರು. ತೀರ್ಪು ಕೊಟ್ಟವರು ಕುಣಿಯಲು ಬಂದ ಜನ.

ಈ ನೆಲದ ಕುಣಿತ ಲಿಂಡಿ ಹಾಪ್. ಜೋಡಿಯಾಗಿ ಕುಣಿಯುವುದು, ಎಂಟು ಎಣಿಕೆಯ ಆವರ್ತ. ಗಂಡು ಹೆಣ್ಣನ್ನು ಸುತ್ತಿಸಿ ತೋಳಿನುದ್ದಕ್ಕೆ ಬಿಡುತ್ತಾನೆ. ಅವಳು ಆ ದೂರದಲ್ಲಿ ತನಗೆ ತೋಚಿದ್ದನ್ನು ಕುಣಿದು ಮತ್ತೆ ಸೆಳೆತಕ್ಕೆ ಸಿಕ್ಕಿ ಬರುತ್ತಾಳೆ. ಮನೋಧರ್ಮಕ್ಕೆ ಎಡೆಯಿರುವುದು ಆ ದೂರದಲ್ಲೇ. ಇನ್ನು ಸ್ವಿಂಗ್ ಎಂಬ ಲಯ. ಕರ್ನಾಟಕ ಸಂಗೀತ ಕೇಳುವವರಿಗೆ ಹೀಗೆ ಹೇಳಬಹುದು: ಒಂದು ಪೆಟ್ಟನ್ನು ಎರಡಾಗಿ ಒಡೆಯುವಾಗ ಎರಡೂ ಪಾಲು ಸಮ ಇರುವುದಿಲ್ಲ. ತಿಶ್ರನಡೆಯ ಮೂರು ಅಕ್ಷರಗಳಲ್ಲಿ ಮೊದಲೆರಡು ಕೂಡಿ ಒಂದು ಪಾಲಾಗುತ್ತವೆ, ಉಳಿದ ಒಂದು ಇನ್ನೊಂದು ಪಾಲು. ಜೊತೆಗೆ ಒತ್ತು ಬೀಳುವುದು ಒಂದು ಮತ್ತು ಮೂರರ ಮೇಲಲ್ಲ, ಎರಡು ಮತ್ತು ನಾಲ್ಕರ ಮೇಲೆ. ಮಂಡಿ ಬಾಗಿರದಿದ್ದರೆ ಈ ಉದ್ದ-ಗಿಡ್ಡ ಮೈಗೆ ಇಳಿಯುವುದೇ ಇಲ್ಲ. ನೆಟ್ಟಗೆ ನಿಂತ ಕಾಲು ಗಡಿಯಾರದಂತೆ ಸಮಪಾಲು ಮಾಡುತ್ತದೆ, ಬಾಗಿದ ಕಾಲು ಕಾಯುವುದನ್ನು ಬಲ್ಲದು.

1935ರಲ್ಲಿ ಫ್ರಾಂಕಿ ಮ್ಯಾನಿಂಗ್ ಎಂಬ ತರುಣ ತನ್ನ ಜೋಡಿ ಫ್ರೀಡಾ ವಾಷಿಂಗ್ಟನ್‌ಳನ್ನು ಒಂದು ಸ್ಪರ್ಧೆಯಲ್ಲಿ ಬೆನ್ನ ಮೇಲಿಂದ ಉರುಳಿಸಿ ಎದುರಿಗೆ ಇಳಿಸಿದರು. ಗಾಳಿಯಲ್ಲಿ ಹಾರಿಸುವ ಲಿಂಡಿ ಪಟ್ಟುಗಳು ಶುರುವಾದದ್ದು ಹಾಗೆ. ಆರು ವರ್ಷಗಳ ನಂತರ ‘ಹೆಲ್‌ಝಪಾಪಿನ್’ ಚಿತ್ರದಲ್ಲಿ ಮ್ಯಾನಿಂಗ್, ನಾರ್ಮಾ ಮಿಲ್ಲರ್ ಮತ್ತವರ ಸಂಗಡಿಗರು ಕುಣಿದ ದೃಶ್ಯಕ್ಕೆ ಸಮನಾದದ್ದನ್ನು ಈ ಪ್ರಕಾರದಲ್ಲಿ ನಾನು ಇನ್ನೂ ನೋಡಿಲ್ಲ. ನಾಲ್ಕು ಜೋಡಿಗಳು. ಅಡುಗೆಯವ, ಮನೆಗೆಲಸದವಳು, ಕೂಲಿಯವ ಎಂಬ ವೇಷಗಳು, ಆ ಕಾಲದ ಹಾಲಿವುಡ್ ಕರಿಯರಿಗೆ ಬೇರೆ ವೇಷ ಕೊಡುತ್ತಿದ್ದುದೇ ಅಪರೂಪ. ಆ ವೇಷದೊಳಗಿನಿಂದಲೇ ಅವರು ಸಿಡಿಯುತ್ತಾರೆ. ಒಂದೊಂದು ಜೋಡಿಗೂ ತನ್ನದೇ ಸರದಿ, ಕೊನೆಗೆ ಎಲ್ಲರೂ ಒಟ್ಟಿಗೆ. ಹಾರುವುದನ್ನು ಎಲ್ಲರೂ ನೋಡುತ್ತಾರೆ. ನೀವು ಇಳಿಯುವುದನ್ನು ನೋಡಿ. ಮೇಲಿಂದ ಬಿದ್ದ ದೇಹ ಪೆಟ್ಟಿನ ಮೇಲೆಯೇ ಇಳಿದು, ತಡೆಯಿಲ್ಲದೆ ಮುಂದಿನ ಹೆಜ್ಜೆಯಾಗುತ್ತದೆ. ಈ ವೇಗದಲ್ಲೂ ಯಾರೂ ಅವಸರಿಸುವುದಿಲ್ಲ. ನಮ್ಮಲ್ಲಿ ಮೂರನೇ ಕಾಲದ ಜತಿಯನ್ನು ನಿರಾಳವಾಗಿ ಮಾಡುವವರನ್ನು ಕಂಡಾಗ ಆಗುವ ಸಂತೋಷ ಇಲ್ಲಿಯೂ ಆಗುತ್ತದೆ.

ಜಾಕ್ ಕೋಲ್ ಈ ಹಾರ್ಲೆಮ್‌ಗೆ ಹೋಗಿ ನೋಡಿ ಕಲಿತವರು. 1911ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಅವರು ರೂತ್ ಸೇಂಟ್ ಡೆನಿಸ್ ಮತ್ತು ಟೆಡ್ ಶಾನ್ ಅವರ ಡೆನಿಶಾನ್ ತಂಡದಲ್ಲಿ ಶುರುಮಾಡಿದರು. ಸೇಂಟ್ ಡೆನಿಸ್ 1906ರಲ್ಲೇ ‘ರಾಧಾ’ ಎಂಬ ನೃತ್ಯ ಮಾಡಿ ಹೆಸರಾಗಿದ್ದರು, ಆದರೆ ಆಕೆಯ ಭಾರತ ಬಹುಪಾಲು ಕಲ್ಪನೆಯದು. ಕೋಲ್‌ಗೆ ಅದು ಸಾಲಲಿಲ್ಲ, ಅಡವು ಹೇಗಿದೆಯೋ ಹಾಗೇ ಬೇಕಿತ್ತು. ಅವರು ಲಾ ಮೆರಿ ಎಂಬ ಕಲಾವಿದೆಯ ಬಳಿ ಭರತನಾಟ್ಯ ಕಲಿತರು. ಲಾ ಮೆರಿ 1930ರ ದಶಕದಲ್ಲಿ ಭಾರತಕ್ಕೆ ಬಂದು ಮದ್ರಾಸಿನಲ್ಲಿ ನೃತ್ಯ ಕಲಿತ ಅಮೆರಿಕನ್. ಆಗ ಆಕೆಯೊಂದಿಗೆ ಏಷ್ಯಾ ಪ್ರವಾಸಕ್ಕೆ ಹೊರಟ ಯುವ ನರ್ತಕ ನಮ್ಮ ಬೆಂಗಳೂರಿನ ರಾಮ್‌ಗೋಪಾಲ್. 1940ರಲ್ಲಿ ಆಕೆ ಸೇಂಟ್ ಡೆನಿಸ್ ಜೊತೆ ಸೇರಿ ನ್ಯೂಯಾರ್ಕಿನಲ್ಲಿ ನಾಟ್ಯಶಾಲೆಯನ್ನೇ ತೆರೆದರು.

ಕೋಲ್ ಮಾಡಿದ ಸಾಹಸವೆಂದರೆ, ಈ ಅಡವುಗಳನ್ನೂ ಹಸ್ತಗಳನ್ನೂ ಸ್ವಿಂಗ್ ಬ್ಯಾಂಡಿನ ಮೇಲೆ ಕೂರಿಸಿದ್ದು. 1930ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ರೇನ್‌ಬೋ ರೂಮ್‌ನಂಥ ಐಷಾರಾಮಿ ನೈಟ್‌ಕ್ಲಬ್ಬುಗಳಲ್ಲಿ ಅವರ ತಂಡ ಇದನ್ನು ಪ್ರದರ್ಶಿಸುತ್ತಿತ್ತು. ಊಟದ ಮೇಜಿನ ಮುಂದೆ ನಮ್ಮ ನೃತ್ಯವೇ ಎಂದು ಹುಬ್ಬು ಗಂಟಿಕ್ಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಚಿತ್ರಗಳಲ್ಲಿ ಉಳಿದಿರುವ ಅವರ ಕೆಲಸದಲ್ಲಿ ಶಿಸ್ತು ಎದ್ದು ಕಾಣುತ್ತದೆ. ಬೆರಳ ತುದಿ ಸಡಿಲವಾಗುವುದಿಲ್ಲ, ಮಂಡಿ ಅರ್ಧಕ್ಕೆ ಏಳುವುದಿಲ್ಲ, ಕಣ್ಣು ಎಲ್ಲಿರಬೇಕೋ ಅಲ್ಲಿಯೇ ಇರುತ್ತದೆ. 1944ರಿಂದ ಕೊಲಂಬಿಯಾ ಪಿಕ್ಚರ್ಸ್‌ನಲ್ಲಿ ಅವರು ಸಂಬಳದ ನರ್ತಕರ ತಂಡವೊಂದನ್ನು ಕಟ್ಟಿ, ಬ್ಯಾಲೆ, ಆಧುನಿಕ ನೃತ್ಯ, ಸ್ಪೇನಿನ ಫ್ಲಮೆಂಕೊ, ಭಾರತೀಯ ನೃತ್ಯ ಎಲ್ಲವನ್ನೂ ಕಲಿಸಿದರು. ಬಹಳ ಕಠಿಣ ಗುರು. ಮಂಡಿಯೂರಿ ಜಾರುವ ಅವರ ಹೆಜ್ಜೆಗಳಿಗೆ ನರ್ತಕರು ಹೆದರುತ್ತಿದ್ದರು.

ನಟಿಯರನ್ನು ಅವರು ತಿದ್ದಿದ ಬಗೆಯೇ ಬೇರೆ. 1946ರ ‘ಗಿಲ್ಡಾ’ದಲ್ಲಿ ರೀಟಾ ಹೇವರ್ತ್ ಕಪ್ಪು ಸ್ಯಾಟಿನ್ ಉಡುಪಿನಲ್ಲಿ ಹಾಡುತ್ತಾ ಕಳಚುವುದು ಒಂದೇ ಒಂದು ಉದ್ದನೆಯ ಕೈಗವಸು. ಹೆಜ್ಜೆಗಳು ಎಣಿಸುವಷ್ಟು. ಆದರೂ ಪರದೆ ತುಂಬಿಹೋಗುತ್ತದೆ, ಏಕೆಂದರೆ ಸೊಂಟ ಕದಲಿದಾಗ ಭುಜ ಸುಮ್ಮನಿರುತ್ತದೆ, ಭುಜ ಕದಲಿದಾಗ ಸೊಂಟ ಕಾಯುತ್ತದೆ. 1953ರ ‘ಜೆಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ ಚಿತ್ರದಲ್ಲಿ ಗುಲಾಬಿ ಉಡುಪಿನ ಮರ್ಲಿನ್ ಮನ್ರೋ ವಜ್ರಗಳ ಬಗ್ಗೆ ಹಾಡುವ ಜಗತ್ಪ್ರಸಿದ್ಧ ದೃಶ್ಯವೂ ಕೋಲ್ ಕೈಯದೇ. ಮನ್ರೋ ತರಬೇತಿ ಪಡೆದ ನರ್ತಕಿಯಲ್ಲ. ಆಕೆಗೆ ದಕ್ಕುವ ಸಣ್ಣ ಸಣ್ಣ ಚಲನೆಗಳನ್ನೇ ಆಯ್ದು, ಒಂದೊಂದನ್ನೂ ಪೆಟ್ಟಿನ ಸರಿಯಾದ ಜಾಗದಲ್ಲಿ ಕೂರಿಸಿದ್ದಾರೆ. ಅಭಿನಯ ಬಲ್ಲವರು ಈ ದೃಶ್ಯವನ್ನು ನೋಡಬೇಕು.

ಹಾಗೆಂದು ಜಾಝ್ ನೃತ್ಯದ ಪಿತಾಮಹ ಎಂಬ ಬಿರುದನ್ನು ಕೋಲ್‌ಗೆ ಇಡಿಯಾಗಿ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ತಾವು ಮಾಡುವುದು ನಗರದ ಜಾನಪದ ಕುಣಿತ ಎಂದು ಸ್ವತಃ ಅವರೇ ಹೇಳುತ್ತಿದ್ದರು, ಆ ಜಾನಪದಕ್ಕೆ ಒಡೆಯರು ಬೇರೆ ಇದ್ದರು. ರಂಗದ ಮಟ್ಟಿಗೂ ಅವರ ಜೊತೆಯಲ್ಲೇ ನಿಲ್ಲಿಸಬೇಕಾದವರು ಕ್ಯಾಥರೀನ್ ಡನ್‌ಹಮ್. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿದ ಈ ಕರಿಯ ವಿದುಷಿ 1935–36ರಲ್ಲಿ ಹೈಟಿ, ಜಮೈಕಾ, ಮಾರ್ಟಿನಿಕ್, ಟ್ರಿನಿಡಾಡ್‌ಗಳಲ್ಲಿ ಓಡಾಡಿ, ಅಲ್ಲಿನ ಆಚರಣೆಗಳ ಕುಣಿತಗಳನ್ನು ಕುಣಿದೇ ಕಲಿತರು. ಅದರಿಂದ ಒಂದು ಪಾಠಕ್ರಮ ಕಟ್ಟಿದರು. ಬೆನ್ನುಹುರಿಯ ಅಲೆ, ಅಂಗಗಳ ಬಿಡಿಬಿಡಿ ಚಲನೆ, ಉಸಿರು ಎಲ್ಲಕ್ಕೂ ಅದರಲ್ಲಿ ಕ್ರಮವಿದೆ. 1943ರ ‘ಸ್ಟಾರ್ಮಿ ವೆದರ್’ ಚಿತ್ರದಲ್ಲಿ ಅವರ ತಂಡವನ್ನು ನೋಡಬಹುದು. 1944ರಲ್ಲಿ ಲೂಯಿವಿಲ್ ನಗರದಲ್ಲಿ ಕರಿಯರನ್ನು ಬೇರೆ ಕೂರಿಸಿದ್ದ ಸಭಾಂಗಣದಲ್ಲಿ ಕುಣಿದು ಮುಗಿಸಿದ ಮೇಲೆ, ಈ ಪದ್ಧತಿ ಹೋಗುವವರೆಗೆ ಇಲ್ಲಿಗೆ ಮತ್ತೆ ಬರುವುದಿಲ್ಲ ಎಂದು ವೇದಿಕೆಯಿಂದಲೇ ಘೋಷಿಸಿದ ಧೀರೆ ಅವರು. ಐಸೊಲೇಷನ್ ಭಾರತದಿಂದ ಕೋಲ್ ಮೂಲಕ ಬಂತೋ, ಕೆರಿಬಿಯನ್‌ನಿಂದ ಡನ್‌ಹಮ್ ಮೂಲಕ ಬಂತೋ ಎಂದು ವಾದಿಸುವವರಿಗೆ ನನ್ನ ಉತ್ತರ ಇಷ್ಟೇ: ಎರಡೂ ಕಡೆಯಿಂದ ಬಂತು, ಆದರೆ ಮಣ್ಣು ಮೊದಲೇ ಹದವಾಗಿತ್ತು.

ನೃತ್ಯ ಸಂಯೋಜಕ ಬಾಬ್ ಫಾಸಿ ಎಲ್ಲರಿಗೂ ಗೊತ್ತು. ಒಳಕ್ಕೆ ತಿರುಗಿದ ಮಂಡಿ, ಗೂನು ಭುಜ, ಹ್ಯಾಟು, ಕೈಗವಸು. ತಲೆಗೂದಲು ಉದುರುತ್ತಿದ್ದುದಕ್ಕೆ ಹ್ಯಾಟು, ತಮ್ಮ ಕೈಗಳು ತಮಗೇ ಹಿಡಿಸದ್ದಕ್ಕೆ ಗವಸು ಎಂದು ಅವರೇ ಹೇಳಿಕೊಂಡದ್ದುಂಟು. 1973ರಲ್ಲಿ ಆಸ್ಕರ್, ಟೋನಿ, ಎಮ್ಮಿ ಮೂರನ್ನೂ ಒಂದೇ ವರ್ಷ ಗೆದ್ದವರು. ಆದರೆ 1954ರ ‘ದ ಪಜಾಮಾ ಗೇಮ್’ ನಾಟಕದಲ್ಲಿ ಅವರಿಗೆ ಹೆಸರು ತಂದ ‘ಸ್ಟೀಮ್ ಹೀಟ್’ ನೃತ್ಯದ ಮೂವರಲ್ಲಿ ಕ್ಯಾರಲ್ ಹೇನಿ ಮತ್ತು ಬಝ್ ಮಿಲ್ಲರ್ ಇಬ್ಬರೂ ಕೋಲ್ ಗರಡಿಯವರು. ಫಾಸಿಯ ಮಡದಿ, ಅವರ ಕಲೆಯ ಬಹುದೊಡ್ಡ ಆಸರೆಯಾಗಿದ್ದ ಗ್ವೆನ್ ವರ್ಡನ್ ಹಲವು ವರ್ಷ ಕೋಲ್‌ಗೆ ಸಹಾಯಕಿಯಾಗಿದ್ದವರು. ಫಾಸಿಯಲ್ಲಿ ಕಾಣುವ ಆ ಸಣ್ಣ ಮಣಿಕಟ್ಟಿನ ತಿರುವಿಗೆ ವಂಶಾವಳಿ ಇದೆ.

ಕ್ಲಾಸ್‌ರೂಮಿನ ಗುರುಗಳಲ್ಲಿ ಮೂವರು ಮುಖ್ಯ. ಕೋಲ್ ಶಿಷ್ಯ ಮ್ಯಾಟ್ ಮ್ಯಾಟಕ್ಸ್ ಚುರುಕಾದ, ಕೋನಕೋನವಾದ ಶೈಲಿಯನ್ನು ಇಂಗ್ಲೆಂಡ್, ಫ್ರಾನ್ಸ್‌ಗೆ ಒಯ್ದರು. ಗಸ್ ಜಿಯೊರ್ಡಾನೊ ಷಿಕಾಗೊ ಪಕ್ಕದ ಎವನ್‌ಸ್ಟನ್‌ನಲ್ಲಿ ತಂಡ ಕಟ್ಟಿ, 1990ರಲ್ಲಿ ಜಾಝ್ ನೃತ್ಯದ ವಿಶ್ವ ಸಮ್ಮೇಳನವನ್ನೇ ಆರಂಭಿಸಿದರು. ಮೂರನೆಯವರು ಲೂಯಿಜಿ. 1946ರ ಕಾರು ಅಪಘಾತದಲ್ಲಿ ಮೈಯ ಒಂದು ಬದಿ ಸ್ವಾಧೀನ ತಪ್ಪಿತ್ತು, ಮತ್ತೆ ನಡೆಯುವುದೇ ಕಷ್ಟವೆಂದು ವೈದ್ಯರು ಹೇಳಿದ್ದರು. ತನ್ನ ದೇಹವನ್ನು ಎಬ್ಬಿಸಿಕೊಳ್ಳಲು ಮಾಡಿಕೊಂಡ ಅಭ್ಯಾಸಗಳನ್ನೇ ಅವರು ಪಾಠವಾಗಿಸಿದರು. ಕಾಣದ ಕಟಕಟೆಯ ಮೇಲೆ ಕೈಯೂರಿದಂತೆ ಗಾಳಿಯನ್ನು ಒತ್ತಿ ನಿಲ್ಲುವ ಅವರ ಭಂಗಿ ಇಂದಿಗೂ ಲೋಕದ ಎಷ್ಟೋ ತರಗತಿಗಳಲ್ಲಿದೆ. ಲೂಯಿಜಿಯ ಮೈಯಲ್ಲಿ ಹಾಡು ಹರಿಯುತ್ತಿತ್ತು. ಇಂದಿನ ಸ್ಪರ್ಧೆಗಳಲ್ಲಿ ಜಾಝ್ ಎಂಬ ಹೆಸರಲ್ಲಿ ಕಾಲನ್ನು ಕಿವಿಯವರೆಗೆ ಎತ್ತಿ, ಸುತ್ತು ಹೊಡೆದು, ಪಾಪ್ ಹಾಡಿನ ಸಮಪಾಲಿನ ಪೆಟ್ಟಿಗೆ ಮುಖ ತೋರಿಸುವ ಮಕ್ಕಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಶ್ರಮ ಬೇಕಾದಷ್ಟಿದೆ, ಸ್ವಿಂಗ್ ಇಲ್ಲ. ಕಲಿಸುವವರು ತಿಂಗಳಿಗೊಮ್ಮೆಯಾದರೂ ಕೌಂಟ್ ಬೇಸಿಯ ಸ್ವಿಂಗ್ ಬ್ಯಾಂಡನ್ನು ಹಾಕಿ, ಹೆಜ್ಜೆಯನ್ನೇ ಹೇಳಿಕೊಡದೆ, ಮಂಡಿ ಬಾಗಿಸಿ ಬರೀ ನಡೆಯಲು ಬಿಡಲಿ.

ಸವಾಯ್ 1958ರಲ್ಲಿ ಮುಚ್ಚಿತು, ಕಟ್ಟಡವನ್ನೂ ಕೆಡವಿದರು. ಅದಕ್ಕೆ ಮೊದಲೇ ಎರಡನೇ ಮಹಾಯುದ್ಧ ಮ್ಯಾನಿಂಗ್ ಮತ್ತವರ ಸಂಗಡಿಗರ ತಂಡವನ್ನು ಚದುರಿಸಿತ್ತು. ಮ್ಯಾನಿಂಗ್ ಅಂಚೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ ದಶಕಗಟ್ಟಲೆ ದುಡಿದರು. 1980ರ ದಶಕದಲ್ಲಿ ಹಳೆಯ ಚಿತ್ರಗಳನ್ನು ನೋಡಿ ಹುಚ್ಚು ಹಿಡಿಸಿಕೊಂಡ ನ್ಯೂಯಾರ್ಕಿನ, ಸ್ವೀಡನ್‌ನ ತರುಣರು ಹುಡುಕಿಕೊಂಡು ಹೋದಾಗ ಅವರಿಗೆ ಎಪ್ಪತ್ತು ದಾಟಿತ್ತು. ಮತ್ತೆ ಕುಣಿದರು, ಕಲಿಸಿದರು. 1989ರಲ್ಲಿ ‘ಬ್ಲ್ಯಾಕ್ ಆ್ಯಂಡ್ ಬ್ಲೂ’ ಪ್ರದರ್ಶನದ ನೃತ್ಯ ಸಂಯೋಜನೆಗೆ ಇತರ ಮೂವರೊಂದಿಗೆ ಟೋನಿ ಪ್ರಶಸ್ತಿ ಪಡೆದರು. 2009ರಲ್ಲಿ ತೊಂಬತ್ತೈದಕ್ಕೆ ಕೆಲವೇ ವಾರಗಳಿದ್ದಾಗ ತೀರಿಕೊಂಡರು. ಸ್ವೀಡನ್‌ನ ಹೆರೆಂಗ್ ಎಂಬ ಹಳ್ಳಿಯಲ್ಲಿ ಪ್ರತಿ ಬೇಸಿಗೆಯಲ್ಲಿ ನಡೆಯುವ ಶಿಬಿರಕ್ಕೆ ಅವರು ವರ್ಷವರ್ಷವೂ ಹೋಗಿ ಪಾಠ ಹೇಳುತ್ತಿದ್ದರು. ಅಲ್ಲಿ ಕಲಿತವರು ಈಗ ಹಲವು ದೇಶಗಳಲ್ಲಿ ಕಲಿಸುತ್ತಿದ್ದಾರೆ.